ಮಕ್ಕಳ ಕತೆಗಳಲ್ಲಿ ಇಷ್ಟೊಂದು ಸಾವು, ಅಗಲಿಕೆ ಏಕೆ? ಹತ್ತು ವರ್ಷದ ಮಗಳಿಗೆ ಇಂಥವನ್ನು ಕೊಡಬಹುದೇ?

ಕೊಡಿ. ಆದರೆ ಯಾವುದನ್ನು ಕೊಡುತ್ತೀರಿ ಎಂಬುದರಲ್ಲಿ ಸ್ವಲ್ಪ ಬಿಗಿ ಇರಲಿ.

ನಿಮ್ಮ ಮಗಳು ತರುವ ಪುಸ್ತಕಗಳಲ್ಲೆಲ್ಲ ಯಾರಾದರೂ ಸಾಯುತ್ತಾರೆ, ಇಲ್ಲವೇ ಮಗುವೊಂದು ಮನೆ ಬಿಟ್ಟು ಹೋಗಬೇಕಾಗುತ್ತದೆ, ಇಷ್ಟು ಚಿಕ್ಕವರಿಗೆ ಇದೆಲ್ಲ ಬೇಕೇ ಎಂದು ಕೇಳಿದ್ದೀರಿ. ನಾನು ಸಕಲೇಶಪುರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ಬೆಳಗಿನ ತರಗತಿ ಮುಗಿಯುವ ಹೊತ್ತಿಗೆ ಒಂದು ಕತೆ ಹೇಳುವ ರೂಢಿ ಇಟ್ಟುಕೊಂಡಿದ್ದೇನೆ. ಹೊರಗಿನ ಪುಸ್ತಕಗಳನ್ನು ನಾನೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ಹಾಗಾಗಿ ಈ ಉತ್ತರದಲ್ಲಿ ಪುಸ್ತಕಗಳಷ್ಟೇ ಪಾಲು ನನ್ನ ಮಕ್ಕಳದೂ ಇದೆ.

ಮೊದಲು ಗೋವಿನ ಹಾಡನ್ನು ನೆನೆಯಿರಿ. ಇನ್ನೂ ಮಾತು ತೊದಲುವ ಮಕ್ಕಳಿಗೆ ನಾವೇ ಅದನ್ನು ಹಾಡಿ ಮಲಗಿಸುತ್ತೇವೆ. ಅಮ್ಮ ಹುಲಿಯ ಬಾಯಿಗೆ ಹೋಗುತ್ತೇನೆಂದು ಹೇಳಲು ಬಂದಾಗ ಕರು ಸತ್ಯ, ಧರ್ಮ ಎಂದೆಲ್ಲ ಚರ್ಚೆಗೆ ಇಳಿಯುವುದಿಲ್ಲ. ಅದು ಹಸುವಿಗೂ ಹುಲಿಗೂ ಬಿಟ್ಟ ವಿಷಯ. ಯಾರ ಮೊಲೆ ಕುಡಿಯಲಿ, ಯಾರ ಪಕ್ಕ ಮಲಗಲಿ ಎಂದು ಕರು ಕೇಳುತ್ತದೆ. ಪುಣ್ಯಕೋಟಿಯೂ ಉಪದೇಶ ಮಾಡುತ್ತ ಕೂರುವುದಿಲ್ಲ. ದೊಡ್ಡಿಯ ಉಳಿದ ಹಸುಗಳ ಬಳಿ ಹೋಗಿ, ಎದುರಿಗೆ ಬಂದರೆ ಹಾಯಬೇಡಿ, ಹಿಂದಿನಿಂದ ಬಂದರೆ ಒದೆಯಬೇಡಿ ಎಂದು ಕರುವನ್ನು ಒಪ್ಪಿಸುತ್ತದೆ. ನಾವು ಮಾತ್ರ ಈ ಭಾಗವನ್ನು ಸರಸರನೆ ದಾಟಿ, ಪರೀಕ್ಷೆಯಲ್ಲಿ ‘ಈ ಪದ್ಯದ ನೀತಿ ಏನು?’ ಎಂದು ಕೇಳುತ್ತೇವೆ. ಈ ಪ್ರಶ್ನೆಯ ಮೇಲೆ ನನಗೆ ಹಳೆಯ ಸಿಟ್ಟಿದೆ.

ಮಕ್ಕಳ ಪುಸ್ತಕವನ್ನು ನಾನು ಅಳೆಯುವುದು ಈ ಕರುವಿನ ಪ್ರಶ್ನೆಯಿಂದಲೇ. ದೊಡ್ಡ ಘಟನೆ ನಡೆದ ಮಾರನೆಯ ದಿನ ಮಗು ಎಲ್ಲಿ ಮಲಗಿತು, ಯಾರು ಊಟಕ್ಕೆ ಕರೆದರು, ಯಾರು ಸುಳ್ಳು ಹೇಳಿದರು? ಇದನ್ನು ಬರೆಯುವ ತಾಳ್ಮೆ ಲೇಖಕರಿಗೆ ಇದ್ದರೆ ಎಂಥ ದುರಂತದ ಕತೆಯನ್ನೂ ಮಗುವಿನ ಕೈಗೆ ಕೊಡಬಹುದು.

ಕೆಲವು ಕತೆಗಳಲ್ಲಿ ದುರಂತ ಲೇಖಕರಿಗೊಂದು ಅನುಕೂಲ, ಅಷ್ಟೇ. ರೋಲ್ಡ್ ಡಾಲ್ 1961ರಲ್ಲಿ ಬರೆದ ‘ಜೇಮ್ಸ್ ಅಂಡ್ ದಿ ಜೈಂಟ್ ಪೀಚ್’ ಕತೆಯ ಆರಂಭದಲ್ಲೇ ಮೃಗಾಲಯದಿಂದ ತಪ್ಪಿಸಿಕೊಂಡ ಘೇಂಡಾಮೃಗ ಹುಡುಗನ ಅಪ್ಪ ಅಮ್ಮನನ್ನು ಹಾಡುಹಗಲೇ ತಿಂದುಬಿಡುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಹೆತ್ತವರು ಮನೆಯಲ್ಲಿದ್ದರೆ ದೈತ್ಯ ಹಣ್ಣಿನೊಳಗೆ ಕೂತು ಅಟ್ಲಾಂಟಿಕ್ ದಾಟಲು ಬಿಡುತ್ತಾರೆಯೇ? ಸಂಜೆ ಕೈಕಾಲು ತೊಳೆಸಿ ಮಗ್ಗಿ ಹೇಳಿಸುತ್ತಾರೆ. ಇಂಥ ಸಾವಿಗೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.

‘ಹೈಡಿ’ಯ ಮಾತು ಬೇರೆ. ಸ್ವಿಟ್ಜರ್ಲೆಂಡಿನ ಯೋಹಾನಾ ಸ್ಪೈರಿ 1880ರ ಹೊತ್ತಿಗೆ ಬರೆದ ಕತೆ ಅದು. ಐದು ವರ್ಷದ ತಬ್ಬಲಿ ಹುಡುಗಿಯನ್ನು ಚಿಕ್ಕಮ್ಮ ಬೆಟ್ಟದ ಮೇಲಿನ ಒಂಟಿ ಅಜ್ಜನ ಬಳಿ ಬಿಟ್ಟು ಹೋಗುತ್ತಾಳೆ. ಊರಿಗೆಲ್ಲ ಆ ಅಜ್ಜನೆಂದರೆ ಭಯ. ಹೈಡಿಗೆ ಮಾತ್ರ ಅಟ್ಟದ ಮೇಲೆ ಒಣಹುಲ್ಲಿನ ಹಾಸಿಗೆ ಸಿಗುತ್ತದೆ, ಕುಡಿಯಲು ಆಡಿನ ಹಾಲು ಸಿಗುತ್ತದೆ. ಅವಳು ಅಲ್ಲಿ ಬೇರೂರಿದ ಮೇಲೆ, ಎಂಟನೆಯ ವಯಸ್ಸಿನಲ್ಲಿ, ಅದೇ ಚಿಕ್ಕಮ್ಮ ಬಂದು ಫ್ರಾಂಕ್‌ಫರ್ಟಿನ ಶ್ರೀಮಂತರ ಮನೆಗೆ ಕರೆದೊಯ್ಯುತ್ತಾಳೆ. ಬೇಕೆಂದಾಗ ವಾಪಸು ಬರಬಹುದು ಎಂದು ನಂಬಿಸಿ ಹೊರಡಿಸುತ್ತಾಳೆ.

ಈ ಕತೆ ಹೇಳಿದಾಗಲೆಲ್ಲ ನನ್ನ ತರಗತಿಯ ಸಿಟ್ಟು ಇದೇ ಜಾಗದಲ್ಲಿ ಏಳುತ್ತದೆ. ತಬ್ಬಲಿತನಕ್ಕೆ ಅಷ್ಟಾಗಿ ಅಳದ ಮಕ್ಕಳು ಈ ಸುಳ್ಳಿಗೆ ಕೆರಳುತ್ತಾರೆ. ಕಾರಣ ದೂರ ಹುಡುಕಬೇಕಿಲ್ಲ. ಇವರಲ್ಲಿ ಅನೇಕರು ಕಾಫಿ ತೋಟಗಳ ಲೈನ್ ಮನೆಗಳ ಮಕ್ಕಳು. ಅರೇಬಿಕಾ ಕಾಫಿಯ ಕೊಯ್ಲಿಗೆಂದು ಅಪ್ಪ ಅಮ್ಮನ ಜೊತೆ ಬಯಲುಸೀಮೆಯಿಂದ, ಈಚೆಗೆ ಅಸ್ಸಾಮಿನಿಂದಲೂ ಬಂದು, ಅದರ ನಂತರದ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಿದ್ದಂತೆ ಟಿ.ಸಿ. ತೆಗೆದುಕೊಳ್ಳುವುದಕ್ಕೂ ನಿಲ್ಲದೆ ಹೋಗಿಬಿಡುತ್ತಾರೆ. ‘ಬರುವ ವರ್ಷ ಇಲ್ಲಿಗೇ ಬರೋಣ’ ಎಂಬ ಮಾತನ್ನು ಅವರು ಬೇಕಾದಷ್ಟು ಸಲ ಕೇಳಿದ್ದಾರೆ. ಫ್ರಾಂಕ್‌ಫರ್ಟಿನಲ್ಲಿ ಹೈಡಿ ಬೆಟ್ಟದ ಕುರುಡು ಅಜ್ಜಿಗೆಂದು ಮೆತ್ತನೆಯ ಬಿಳಿ ಬ್ರೆಡ್ಡುಗಳನ್ನು ಕಪಾಟಿನಲ್ಲಿ ಕೂಡಿಡುತ್ತಾಳೆ. ಮನೆಯ ಉಸ್ತುವಾರಿ ಹೆಂಗಸು ಅವನ್ನು ಎಸೆಸುತ್ತಾಳೆ. ರಾತ್ರಿ ಹುಡುಗಿ ನಿದ್ದೆಯಲ್ಲಿ ಎದ್ದು ನಡೆಯತೊಡಗುತ್ತಾಳೆ. ಮನೆಯವರು ದೆವ್ವವೆಂದು ಹೆದರುತ್ತಾರೆ. ಇದು ಊರಿನ ಹಂಬಲ, ಇವಳನ್ನು ತಕ್ಷಣ ಮನೆಗೆ ಕಳುಹಿಸಿ ಎಂದು ಕೊನೆಗೆ ವೈದ್ಯರು ಹೇಳುತ್ತಾರೆ. ‘ಆ ಡಾಕ್ಟರು ಒಳ್ಳೆಯವರು, ಇಂಜೆಕ್ಷನ್ ಕೊಡಲಿಲ್ಲ’ ಎಂಬುದು ನನ್ನ ನಾಲ್ಕನೆಯ ತರಗತಿಯ ವಿಮರ್ಶೆ.

ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಅವರ ‘ದಿ ಸೀಕ್ರೆಟ್ ಗಾರ್ಡನ್’ (1911) ಆರಂಭವಾಗುವುದು ಭಾರತದಲ್ಲಿ. ಕಾಲರಾ ಬಂದು ಮೇರಿಯ ಅಪ್ಪ ಅಮ್ಮ ಸಾಯುತ್ತಾರೆ, ಬಂಗಲೆಯ ಆಳುಗಳಲ್ಲಿ ಸತ್ತವರು ಸತ್ತು ಉಳಿದವರು ಓಡಿಹೋಗುತ್ತಾರೆ, ಒಳಗೊಂದು ಮಗು ಇದೆ ಎಂಬುದನ್ನೇ ಎಲ್ಲರೂ ಮರೆಯುತ್ತಾರೆ. ಮೇರಿ ಅಮ್ಮನಿಗಾಗಿ ಅಳುವುದಿಲ್ಲ, ಏಕೆಂದರೆ ಅಮ್ಮನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ತನ್ನನ್ನು ಮರೆತರಲ್ಲ ಎಂಬ ಸಿಟ್ಟು ಮಾತ್ರ ಅವಳಲ್ಲಿ ಉಳಿಯುತ್ತದೆ. ದುಃಖ ಬಂದ ಕೂಡಲೇ ಮಗು ಒಳ್ಳೆಯದಾಗಿಬಿಡಬೇಕು ಎಂಬ ನಿಯಮವನ್ನು ಈ ಸಿಡುಕಿ ಹುಡುಗಿ ಮುರಿಯುತ್ತಾಳೆ. ಅದಕ್ಕೇ ನನಗೆ ಇಷ್ಟ.

ನಮ್ಮಲ್ಲೇ ಇರುವ ಒಂದನ್ನು ಬಿಡಬೇಡಿ. ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, ಇಂಗ್ಲಿಷ್ ಕವಿ ಬ್ರೌನಿಂಗ್‌ನ ‘ಪೈಡ್ ಪೈಪರ್’ ಪದ್ಯವನ್ನು ತುಂಗಾ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದರು. ಇಲಿಗಳ ಭಾಗವನ್ನು ಎಲ್ಲರೂ ಕುಣಿದು ಹಾಡುತ್ತಾರೆ. ಕೊನೆಯಲ್ಲಿ ಹಿಂದೆ ಉಳಿದ ಕುಂಟ ಹುಡುಗನನ್ನು ಯಾರೂ ವಿಚಾರಿಸುವುದಿಲ್ಲ. ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೋದರು. ಅವನೊಬ್ಬನೇ ಉಳಿದ. ಮಾರನೆಯ ದಿನ ಅವನು ಏನು ಮಾಡಿದ, ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದೆ. ಅವನು ಶಾಲೆಗೆ ಹೋದ, ಮೇಷ್ಟರು ಎಲ್ಲರ ಹೆಸರನ್ನೂ ಕೂಗಿದರು, ಪ್ರತಿ ಹೆಸರಿಗೂ ಅವನೇ ‘ಹಾಜರ್’ ಎಂದ ಎಂದು ಒಬ್ಬಳು ಬರೆದಳು. ಇಷ್ಟು ಚಿಕ್ಕವರಿಗೆ ಇದೆಲ್ಲ ಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಏಳನೆಯ ತರಗತಿಯವರಿಗಾದರೆ ಕ್ಯಾಥರಿನ್ ಪ್ಯಾಟರ್ಸನ್ ಅವರ ‘ಬ್ರಿಡ್ಜ್ ಟು ಟೆರಬಿಥಿಯಾ’ (1977). ಜೆಸ್ ಎಂಬ ಹುಡುಗ ತನ್ನ ಮೆಚ್ಚಿನ ಟೀಚರ ಜೊತೆ ವಾಷಿಂಗ್ಟನ್ನಿಗೆ ಹೋಗಿ ಸಂತೋಷವಾಗಿದ್ದ ದಿನವೇ, ಅವನ ಗೆಳತಿ ಲೆಸ್ಲಿ, ಜೋತಾಡಿ ತೊರೆ ದಾಟುವ ಹಗ್ಗ ಹರಿದು, ತೊರೆಯಲ್ಲಿ ಬಿದ್ದು ಸಾಯುತ್ತಾಳೆ. ಲೇಖಕಿಯ ಸ್ವಂತ ಮಗನ ಗೆಳತಿ ಸಿಡಿಲಿಗೆ ಬಲಿಯಾದ ದುಃಖ ಈ ಕತೆಯ ಬೆನ್ನಿಗಿದೆ. ಜೆಸ್‌ಗೆ ಒಂದು ಗಳಿಗೆ, ತನ್ನ ವಯಸ್ಸಿನವರಲ್ಲಿ ಆಪ್ತ ಸ್ನೇಹಿತೆ ಸತ್ತಿರುವುದು ತನಗೊಬ್ಬನಿಗೇ, ಹಾಗಾಗಿ ತಾನು ಈಗ ಮುಖ್ಯ ಎನಿಸುತ್ತದೆ. ಅವಳನ್ನೂ ಕರೆದುಕೊಂಡು ಹೋಗಬಹುದಿತ್ತು ಎಂಬ ಚುಚ್ಚು ಬೇರೆ. ಅವಳು ಕೊಟ್ಟಿದ್ದ ಬಣ್ಣಗಳನ್ನು ತೊರೆಗೆ ಎಸೆಯುತ್ತಾನೆ. ಇಂಥದ್ದನ್ನು ಯಾವ ದೊಡ್ಡವರೂ ಮಗುವಿಗೆ ಬಾಯಿಬಿಟ್ಟು ಹೇಳುವುದಿಲ್ಲ. ಪುಸ್ತಕ ಹೇಳುತ್ತದೆ.

ಬೇಡವೆನ್ನುವುದು ಇನ್ನೊಂದು ಬಗೆಯದು. ಅಪ್ಪ ಸಾಯುತ್ತಾನೆ, ಹುಡುಗ ಮರುದಿನದಿಂದ ಪೇಪರ್ ಹಾಕುತ್ತಾನೆ, ಬೀದಿದೀಪದಲ್ಲಿ ಓದುತ್ತಾನೆ, ಕೊನೆಯ ಪುಟದಲ್ಲಿ ಜಿಲ್ಲಾಧಿಕಾರಿ. ನಡುವೆ ಒಂದು ಸಲವಾದರೂ ತಟ್ಟೆ ಎಸೆದು ಕೂಗುವುದಿಲ್ಲ. ಇದನ್ನು ಓದಿದ ಮಗುವಿಗೆ ತನ್ನ ಅಳು ಒಂದು ಕೊರತೆಯಂತೆ ಕಾಣುತ್ತದೆ.

ಸಾವೇ ಆಗಬೇಕೆಂದಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರುಗಳೇ ಎದ್ದು ಹೋದವು. ಶೆಟ್ಟಿಹಳ್ಳಿಯಲ್ಲಿ ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುವ ಚರ್ಚಿನ ಮುಂದೆ ಈಗ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಗಂಟುಮೂಟೆ ಹೊತ್ತು ಹೊರಟ ಎಂಟು ವರ್ಷದ ಹುಡುಗಿಯ ಕತೆಯನ್ನು ಯಾರಾದರೂ ಮಕ್ಕಳಿಗಾಗಿ ಬರೆದರೆ ಮೊದಲ ಪ್ರತಿ ನಾನು ಕೊಳ್ಳುತ್ತೇನೆ. ಇದೇ ಹಾಸನ ಜಿಲ್ಲೆಯ ಸಂತೆಶಿವರದ ಭೈರಪ್ಪನವರು ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಅವರ ‘ಗೃಹಭಂಗ’ದ ವಿಶ್ವ ಕೊನೆಯಲ್ಲಿ ಯಾರ ಕೈ ಹಿಡಿದು ಹೊರಡುತ್ತಾನೆ ನೋಡಿ. ಅದು ಮಗಳಿಗಲ್ಲ, ನಿಮಗೆ.

ಮಗಳಿಗೆ ಈಗ ‘ಹೈಡಿ’ ಕೊಡಿ, ‘ಟೆರಬಿಥಿಯಾ’ ಎರಡು ವರ್ಷ ಕಾಯಲಿ. ಅಳು ಬರುವ ಪುಟವನ್ನು ಹಾರಿಸಬೇಡಿ, ಓದಿ ಮುಗಿಸಿದ ಮೇಲೆ ನೀತಿ ಕೇಳಬೇಡಿ. ನಿಮ್ಮ ಮನೆಯಲ್ಲೇ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ ಪುಸ್ತಕವನ್ನು ಔಷಧಿಯ ಹಾಗೆ ಕೈಗೆ ತುರುಕಬೇಡಿ. ಅವಳ ಕೈಗೆ ಸಿಗುವ ಕಡೆ ಇಟ್ಟಿರಿ, ಬೇಕಾದಾಗ ಅವಳೇ ತೆಗೆದುಕೊಳ್ಳುತ್ತಾಳೆ.