ನಾಳೆ ರಜೆ ಉಂಟಾ?

ಚೌತಿಗೆ ನಮ್ಮ ಮನೆಗೆ ಬಂದಿದ್ದಾಗ ಸಂಜೆ ಟಿವಿ ಮುಂದೆ ಕೂತು ನೀನು ಒಂದು ಮಾತು ಹೇಳಿದೆ. ಅಮ್ಮ ಹಾಕಿದ್ದ ಲೋಕಲ್ ಕೇಬಲ್ ವಾರ್ತೆ ನೋಡಿ, "ಇದೇನೋ, ಮದುವೆ ವಿಡಿಯೋ ಥರ ಇದೆಯಲ್ಲೋ. ನಿಮ್ಮ ಕಡೆ ಸರಿಯಾದ ನ್ಯೂಸ್ ಚಾನೆಲ್ ಬರಲ್ವಾ?" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಹೇಗಿದ್ರೂ ಕೇರಳದಲ್ಲಿದ್ದೀರಿ, ಮಲಯಾಳಂ ನ್ಯೂಸೇ ನೋಡಬಹುದಲ್ಲ" ಅಂತಲೂ ಕೇಳಿದೆ. ಅಮ್ಮ ಅಡುಗೆಮನೆಯಲ್ಲಿದ್ದರು. ಅವರಿಗೆ ಕೇಳಿಸಿತ್ತು. ಊಟದ ಹೊತ್ತಲ್ವಾ ಅಂತ ನಾನು ಆಗ ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ.

1956ರಲ್ಲಿ ರಾಜ್ಯಗಳನ್ನು ಭಾಷಾವಾರು ಮಾಡುವಾಗ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಕಥೆ ನಿನಗೆ ಗೊತ್ತೇ ಇದೆ. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂದದ್ದೂ ಗೊತ್ತು. ಅದಕ್ಕಾಗಿ ಹೋರಾಡಿದ ಕವಿ ಕೈಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ, ಅದನ್ನು ನೋಡದೆಯೇ ಹೋದರು. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ನಮ್ಮದು ಪೈವಳಿಕೆ, ಮಂಜೇಶ್ವರ ತಾಲೂಕು. ಮನೆಯಲ್ಲಿ ತುಳು. ಓದು ಬರಹ ಕನ್ನಡ. ಪೇಟೆಗೆ ಹೋದರೆ ಮಲಯಾಳವೂ ಬೇಕು, ಬ್ಯಾರಿಯೂ ಬೇಕು. ಅಮ್ಮನಿಗೆ ಮಲಯಾಳ ಮಾತಾಡಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವರ ಪ್ರಾಯದ ಎಷ್ಟೋ ಜನ ಇಲ್ಲಿ ಹಾಗೆಯೇ. ಟಿವಿಯ ಕೆಳಗಡೆ ಓಡುವ ಮಲಯಾಳ ಅಕ್ಷರಗಳು ಅವರಿಗೆ ಬರೀ ಗೆರೆಗಳು.

ಮಳೆಗಾಲದ ಒಂದು ರಾತ್ರಿ ಹೇಗಿರುತ್ತದೆ ಅಂತ ಹೇಳಿದರೆ ನಿನಗೆ ನಮ್ಮ ಕಷ್ಟ ಗೊತ್ತಾದೀತು.

ಜುಲೈ ತಿಂಗಳು. ಮೂರು ದಿನದಿಂದ ಬಿಡದೆ ಸುರಿಯುತ್ತಿದೆ. ಮಗ ಇಲ್ಲೇ ಕನ್ನಡ ಮಾಧ್ಯಮದ ಶಾಲೆಯಲ್ಲಿ ಏಳನೆಯ ಕ್ಲಾಸು. ಮಗಳು ಮಂಗಳೂರಿನಲ್ಲಿ ಡಿಗ್ರಿ, ದಿನಾ ಬೆಳಿಗ್ಗೆ ಆರೂವರೆಗೆ ಹೊರಡಬೇಕು. ರಾತ್ರಿ ಎಂಟಾದರೆ ಮನೆಯಲ್ಲಿ ಒಂದೇ ಪ್ರಶ್ನೆ. ಅಮ್ಮ ತುಳುವಿನಲ್ಲಿ ಕೇಳುತ್ತಾರೆ, "ಎಲ್ಲೆ ರಜೆ ಉಂಡಾ?" ನಾಳೆ ರಜೆ ಉಂಟಾ?

ಬೆಂಗಳೂರಿನ ಕನ್ನಡ ಚಾನೆಲ್ ಹಾಕುತ್ತೇವೆ. "ಕರಾವಳಿಯಲ್ಲಿ ಭಾರೀ ಮಳೆ, ನಾಳೆ ಶಾಲೆಗಳಿಗೆ ರಜೆ" ಅಂತ ದಪ್ಪ ಅಕ್ಷರ ಬರುತ್ತದೆ. ಯಾವ ಕರಾವಳಿ? ಅವರ ಲೆಕ್ಕದಲ್ಲಿ ಕರಾವಳಿ ಅಂದರೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ. ಗಡಿಯ ತಲಪಾಡಿಗೆ ಬಂದರೆ ಅವರ ನಕ್ಷೆ ಮುಗಿಯಿತು. ಕಡಲು ಅದೇ, ಮೋಡ ಅದೇ. ಆದರೆ ಆ ಕಡೆಯ ಹವಾಮಾನ ಎಚ್ಚರಿಕೆ ಬೆಂಗಳೂರಿನ ಕೇಂದ್ರದಿಂದ ಬರುತ್ತದೆ, ನಮ್ಮದು ತಿರುವನಂತಪುರದ ಕೇಂದ್ರದಿಂದ. ಮಂಗಳೂರಿಗೆ ರೆಡ್ ಅಲರ್ಟ್ ಇದ್ದ ದಿನವೇ ನಮಗೆ ಆರೆಂಜ್ ಇರುವುದುಂಟು. ರಜೆ ಕೊಡುವವರೂ ಬೇರೆ. ಅಲ್ಲಿ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ, ಇಲ್ಲಿ ಕಾಸರಗೋಡಿನ ಕಲೆಕ್ಟರ್.

ಆಮೇಲೆ ಮಲಯಾಳ ಚಾನೆಲ್ ಹಾಕುತ್ತೇವೆ. ಅವರ ಕೆಲಸ ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮಳೆ ಬಂತೆಂದರೆ ಅವರ ಕ್ಯಾಮೆರಾ ಇಡುಕ್ಕಿಯ ಗುಡ್ಡದಲ್ಲಿ, ಕುಟ್ಟನಾಡಿನ ನೀರಿನಲ್ಲಿ, ವಯನಾಡಿನಲ್ಲಿ ಇರುತ್ತದೆ. ಅಲ್ಲಿಯ ಕಷ್ಟ ದೊಡ್ಡದು, ತೋರಿಸಲೇಬೇಕು. ಹದಿನಾಲ್ಕು ಜಿಲ್ಲೆಗಳ ಹೆಸರು ಕೆಳಗಡೆ ಓಡುತ್ತದೆ. ದಕ್ಷಿಣದಿಂದ ಶುರುವಾದ ಪಟ್ಟಿಯಲ್ಲಿ ಕಾಸರಗೋಡು ಕೊನೆಗೆ. ಅಮ್ಮನಿಗೆ ಅದನ್ನು ಓದಲಾಗುವುದಿಲ್ಲ. ಹಾಗಾಗಿ ನಾವು ಯಾರಾದರೂ ಆ ಕೊನೆಯ ಹೆಸರಿಗೆ ಕಾಯುತ್ತಾ ನಿಂತಿರುತ್ತೇವೆ. ಕರೆಂಟು ಹೋದರೆ ಅದೂ ಇಲ್ಲ.

ವಾಟ್ಸಾಪಿನಲ್ಲಿ ಬರುವುದಿಲ್ವಾ ಅಂತ ಕೇಳಬೇಡ. ಬರುತ್ತದೆ. ಹೋದ ವರ್ಷದ ರಜೆಯ ಪೋಸ್ಟರಿಗೆ ತಾರೀಕು ಬದಲಾಯಿಸಿ ಯಾರೋ ಹಾಕಿರುತ್ತಾರೆ. ಒಮ್ಮೆ ಅದನ್ನು ನಂಬಿ ಮಗನನ್ನು ಮನೆಯಲ್ಲಿ ಉಳಿಸಿಕೊಂಡೆ. ಶಾಲೆಯಲ್ಲಿ ಆ ದಿನ ಪರೀಕ್ಷೆ ಇತ್ತು. ಇನ್ನೊಮ್ಮೆ ಮಗಳು ಆ ಸುರಿಮಳೆಯಲ್ಲಿ ಎರಡು ಬಸ್ಸು ಬದಲಾಯಿಸಿ ತಲಪಾಡಿ ದಾಟಿದ ಮೇಲೆ ಕಾಲೇಜಿಗೆ ರಜೆ ಅಂತ ಗೊತ್ತಾಯಿತು. ಒದ್ದೆಯಾಗಿ ವಾಪಸ್ ಬಂದವಳು ಎರಡು ದಿನ ಜ್ವರದಲ್ಲಿ ಮಲಗಿದಳು.

ಈಗ ನೀನು ನೋಡಿದ ಆ "ಮದುವೆ ವಿಡಿಯೋ" ವಾರ್ತೆಯ ವಿಷಯ. ಅದರಲ್ಲಿ ರಾತ್ರಿ ಒಂದು ಹದಿನೈದು ನಿಮಿಷ ಕನ್ನಡದಲ್ಲಿ ಬರುತ್ತದೆ. ಓದುವ ಹುಡುಗಿಯ ಹಿಂದೆ ನೀಲಿ ಪರದೆ. ದೀಪ ಮುಖದ ಒಂದೇ ಬದಿಗೆ. ಧ್ವನಿ ಡಬ್ಬಿಯೊಳಗಿಂದ ಬಂದಂತೆ. ಇಷ್ಟೂ ನಿಜ. ಆದರೆ ಅವಳು ಹೇಳುವುದನ್ನು ಕೇಳು: "ಕಾಸರಗೋಡು ಜಿಲ್ಲೆಯಲ್ಲಿ ನಾಳೆ ರಜೆ. ಅಂಗನವಾಡಿ, ಮದ್ರಸ, ಪ್ರೊಫೆಷನಲ್ ಕಾಲೇಜು ಎಲ್ಲವೂ ಸೇರಿ. ಮೊದಲೇ ನಿಗದಿಯಾದ ಪರೀಕ್ಷೆಗಳಿಗೆ ಬದಲಾವಣೆ ಇಲ್ಲ. ಮಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಗಮನಿಸಿ, ದಕ್ಷಿಣ ಕನ್ನಡದಲ್ಲಿ ಅಂಗನವಾಡಿಯಿಂದ ಪಿಯುಸಿವರೆಗೆ ಮಾತ್ರ ರಜೆ."

ನಾಲ್ಕೇ ವಾಕ್ಯ. ಇಷ್ಟು ಸಿಕ್ಕಿದರೆ ನನ್ನ ಮನೆಯ ನಾಳೆಯ ಬೆಳಗು ಸರಿಯಾಯಿತು. ಗಡಿಯ ಎರಡೂ ಬದಿಯನ್ನು ಒಟ್ಟಿಗೆ ಹೇಳುವ ವಾರ್ತೆ ನಮಗೆ ಬೇರೆ ಎಲ್ಲೂ ಸಿಗುವುದಿಲ್ಲ. ಬೆಂಗಳೂರಿನ ದೊಡ್ಡ ಸ್ಟುಡಿಯೋದಲ್ಲಿ ಇಲ್ಲ, ಕೊಚ್ಚಿಯ ದೊಡ್ಡ ಸ್ಟುಡಿಯೋದಲ್ಲೂ ಇಲ್ಲ. ನನಗೆ ಒಳ್ಳೆಯ ವಾರ್ತೆ ಅಂದರೆ ಅದು. ದೀಪ ಆಮೇಲೆ ಸರಿಮಾಡಿಕೊಳ್ಳಬಹುದು.

ದೊಡ್ಡ ಚಾನೆಲ್‌ಗಳು ಯಾಕೆ ಹೇಳುವುದಿಲ್ಲ? ಯಾರಿಗೂ ನಮ್ಮ ಮೇಲೆ ದ್ವೇಷ ಇಲ್ಲ. ಟಿವಿಯಲ್ಲಿ ವೀಕ್ಷಕರ ಲೆಕ್ಕ ರಾಜ್ಯವಾರು. ಜಾಹೀರಾತಿನ ದುಡ್ಡು ಬರುವುದು ಆ ಲೆಕ್ಕ ನೋಡಿ. ಕನ್ನಡ ಚಾನೆಲ್ಲಿಗೆ ಬೇಕಾದ್ದು ಕರ್ನಾಟಕದ ರೇಟಿಂಗ್. ಪೈವಳಿಕೆಯಲ್ಲಿ ಅಮ್ಮ ದಿನವಿಡೀ ಕನ್ನಡ ವಾರ್ತೆ ನೋಡಿದರೂ ಆ ಲೆಕ್ಕಕ್ಕೆ ಸೇರುವುದಿಲ್ಲ, ಯಾಕೆಂದರೆ ನಾವಿರುವುದು ಕೇರಳ. ಕೇರಳದ ಲೆಕ್ಕಕ್ಕೆ ಸೇರಿದರೂ, ಅಲ್ಲಿ ಕನ್ನಡ ವಾರ್ತೆಗೆ ಯಾರು ಜಾಹೀರಾತು ಕೊಡುತ್ತಾರೆ?

ಜನಗಣತಿ ನಮ್ಮನ್ನು ಇನ್ನೂ ಸಣ್ಣ ಮಾಡಿದೆ. 2011ರ ಲೆಕ್ಕದಲ್ಲಿ ಕಾಸರಗೋಡು ಜಿಲ್ಲೆಯ ಜನ ಸುಮಾರು 13 ಲಕ್ಷ. ಅದರಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ ನಾಲ್ಕರ ಆಸುಪಾಸು. ಇದನ್ನು ನೋಡಿ ಯಾರಾದರೂ "ಇಷ್ಟೇ ಜನಕ್ಕೆ ಚಾನೆಲ್ ಯಾಕೆ" ಅನ್ನುತ್ತಾರೆ. ಆದರೆ ಅಮ್ಮ ಆ ನಾಲ್ಕರಲ್ಲಿ ಇಲ್ಲ. ಅವರು ತುಳು ಅಂತ ಬರೆಸಿದ್ದಾರೆ. ತುಳುವಿನವರು ನೂರಕ್ಕೆ ಒಂಬತ್ತರ ಹತ್ತಿರ. ಅವರಲ್ಲಿ ಎಷ್ಟೋ ಜನ ಓದುವುದು ಕನ್ನಡ, ಮದುವೆ ಕಾಗದ ಅಚ್ಚು ಹಾಕಿಸುವುದು ಕನ್ನಡದಲ್ಲಿ. ಕೊಂಕಣಿಯವರು, ಮರಾಠಿಯವರು ಬೇರೆ ಇದ್ದಾರೆ. ಮನೆಮಾತು ಕೇಳುವ ಲೆಕ್ಕ, ಓದುವ ಭಾಷೆಯನ್ನು ಕೇಳುವುದೇ ಇಲ್ಲ.

2019ರಲ್ಲಿ ಟಿವಿ ಚಾನೆಲ್‌ಗಳಿಗೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಮಾಡಿದ ಹೊಸ ದರದ ನಿಯಮ ಬಂದಾಗ ಇದು ನಮಗೆ ಚೆನ್ನಾಗಿ ತಟ್ಟಿತು. ಕೇಬಲಿನವರ ಸಿದ್ಧ ಪ್ಯಾಕಿನಲ್ಲಿ ಎಲ್ಲ ಮಲಯಾಳ. ಕನ್ನಡದ್ದು ಬೇಕಿದ್ದರೆ ಒಂದೊಂದಾಗಿ ಆರಿಸಿ ಬೇರೆ ದುಡ್ಡು ಕೊಡಬೇಕು. ಕೆಲವು ವಾರ ನಮ್ಮ ಟಿವಿಯಲ್ಲಿ ಕನ್ನಡ ವಾರ್ತೆಯೇ ಇರಲಿಲ್ಲ. ನಾನು ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ, "ಕೇರಳದ ವಿಳಾಸ ಸರ್, ಕನ್ನಡ ಯಾಕೆ?" ಅಂತ ಕೇಳಿದ. ನೀನು ಕೇಳಿದ್ದೂ ಇದೇ ಅಲ್ವಾ?

ಲೋಕಲ್ ವಾರ್ತೆಯಲ್ಲಿ ತಪ್ಪು ಇಲ್ಲ ಅಂತ ನಾನು ಹೇಳುವುದಿಲ್ಲ. ನೀನು ತೋರಿಸಿದ ತಪ್ಪು ತಪ್ಪಲ್ಲ, ಅಷ್ಟೇ. ನಿಜವಾದ ತಪ್ಪು ನನಗೆ ಗೊತ್ತು. ಅರ್ಧ ಹೊತ್ತು ಉದ್ಘಾಟನೆ, ಸನ್ಮಾನ, ಬಟ್ಟೆ ಅಂಗಡಿಯ ರಿಬ್ಬನ್. ಕಾರ್ಯಕ್ರಮ ಮಾಡಿದವರು ಕಳಿಸಿದ ಹಾಳೆಯನ್ನು ಹಾಗೇ ಓದುವುದು. ಕೇಳಬೇಕಾದ ಪ್ರಶ್ನೆ ಕೇಳದೆ ಇರುವುದು. ನಮ್ಮ ಹತ್ತಿರ ಒಂದು ಕಲ್ಲಿನ ಕೋರೆ ಇದೆ. ಧೂಳು ಬಾವಿಗೆ ಬೀಳುತ್ತದೆ, ಎರಡು ಮನೆಯ ಗೋಡೆ ಬಿರುಕು ಬಿಟ್ಟಿದೆ. ಚಾನೆಲ್ಲಿಗೆ ಸುದ್ದಿ ಕಳಿಸುವ ಸ್ಟ್ರಿಂಗರ್ ಬಂದ, ಎಲ್ಲ ಶೂಟ್ ಮಾಡಿದ, ಹೆಂಗಸರ ಬೈಟ್ ತೆಗೆದುಕೊಂಡ. ವಾರ್ತೆಯಲ್ಲಿ ಬರಲೇ ಇಲ್ಲ. ಕೋರೆಯವರು ಓಣಂಗೂ ಈದಿನ ಪೆರ್ನಾಲಿಗೂ ಶುಭಾಶಯದ ಜಾಹೀರಾತು ಕೊಡುವವರು. ಆ ಸ್ಟ್ರಿಂಗರ್‌ನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನಿಗೆ ತಿಂಗಳ ಸಂಬಳ ಇಲ್ಲ, ಒಂದು ಸುದ್ದಿಗೆ ಇಷ್ಟು ಅಂತ. ಕ್ಯಾಮೆರಾ ಅವನದೇ, ಬೈಕಿಗೆ ಪೆಟ್ರೋಲ್ ಅವನದೇ. ಆದರೂ ಆ ಸುದ್ದಿ ಬರಬೇಕಿತ್ತು. ನನಗೆ ಆ ಬಗ್ಗೆ ಈಗಲೂ ಸಿಟ್ಟಿದೆ.

ಯಾಕೆಂದರೆ ನಮ್ಮ ಊರಿನ ದೊಡ್ಡ ಸತ್ಯವನ್ನು ಮೊದಲು ಹೇಳಿದವರು ಊರಿನವರೇ. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದಾಗ ಯಾವ ಚಾನೆಲ್ ಬಂದಿತ್ತು? ಎಣ್ಮಕಜೆಯ ಪತ್ರಕರ್ತ ಶ್ರೀ ಪಡ್ರೆ ಬರೆದರು. ವಾಣಿನಗರದ ಡಾಕ್ಟರ್ ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಆ ವಿಷವನ್ನು ತಡೆಯುವ ಹೊತ್ತಿಗೆ ಎಲ್ಲರ ಕ್ಯಾಮೆರಾ ಇಲ್ಲಿತ್ತು. ಆಮೇಲೆ ಅವರು ಜಾಸ್ತಿ ಬಂದದ್ದು 2022ರ ಅಕ್ಟೋಬರಿನಲ್ಲಿ, ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಸತ್ತಾಗ. ಬಬಿಯಾ ಹೋದ ದಿನ ನಾವೂ ಅತ್ತವರೇ, ಆ ಸುದ್ದಿ ಸಣ್ಣದಲ್ಲ. ಆದರೆ ಆ ಎರಡರ ನಡುವೆ ಹನ್ನೊಂದು ವರ್ಷ ಇಲ್ಲಿ ಜನ ಬದುಕಿದ್ದರು.

2020ರ ಮಾರ್ಚ್ ತಿಂಗಳನ್ನು ಹೇಳದೆ ಮುಗಿಸಲಾರೆ. ಲಾಕ್‌ಡೌನ್ ಆಯಿತು. ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದರು. ಒಳದಾರಿಗಳಿಗೆ ಮಣ್ಣು ಸುರಿದರು. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಡಯಾಲಿಸಿಸ್, ಹೆರಿಗೆ, ಹೃದಯ ಎಲ್ಲ ಅಲ್ಲಿಯೇ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ಶುರುವಾದದ್ದೇ ಏಪ್ರಿಲ್‌ನಲ್ಲಿ. ದಾರಿ ಸಿಗದೆ ಜನ ಸತ್ತರು. ಅಪ್ಪ ಆಗ ಇದ್ದರು, ಅವರಿಗೆ ಮಂಗಳೂರಿನ ಡಾಕ್ಟರರ ಮದ್ದು ನಡೆಯುತ್ತಿತ್ತು. ನಾವು ರಾತ್ರಿಯಿಡೀ ಚಾನೆಲ್ ಬದಲಾಯಿಸುತ್ತಿದ್ದೆವು. ಕನ್ನಡದಲ್ಲಿ ನಾವು "ಕೇರಳದಿಂದ ನುಗ್ಗಿ ಬರುವವರು". ಮಲಯಾಳದಲ್ಲಿ ಎರಡು ಸರ್ಕಾರಗಳ ಜಗಳ. ಅಪ್ಪ ಒಂದು ರಾತ್ರಿ ಕೇಳಿದರು, "ನಾವು ಕನ್ನಡ ಕಲಿತದ್ದು ಇವರಿಗೆ ಗೊತ್ತಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಲೂ ಆ ನೀಲಿ ಪರದೆಯ ಮುಂದೆ ಒಬ್ಬರು ಕೂತು ಯಾವ ಮೆಡಿಕಲ್ ಶಾಪಿಗೆ ಯಾವ ಮದ್ದು ಬಂದಿದೆ, ಯಾರಿಗೆ ಫೋನ್ ಮಾಡಬೇಕು ಅಂತ ಓದುತ್ತಿದ್ದರು.

ಮರುವರ್ಷ ಅಪ್ಪ ತೀರಿಕೊಂಡರು. ನೀನು "ಇದನ್ನೆಲ್ಲ ಟಿವಿಯಲ್ಲಿ ಓದ್ತಾರಾ" ಅಂದೆಯಲ್ಲ, ಆ ಮರಣವಾರ್ತೆ, ಅದರಲ್ಲಿ ಅಪ್ಪನ ಹೆಸರು ಬಂತು. ಮನೆ ಹೆಸರು ಸರಿಯಾಗಿ ಓದಿದರು. ಎಷ್ಟು ಗಂಟೆಗೆ ಎತ್ತುತ್ತಾರೆ ಅಂತಲೂ ಹೇಳಿದರು. ಫೋನ್ ನಂಬರ್ ಇಲ್ಲದ ಅಪ್ಪನ ಹಳೆಯ ಜೊತೆಗಾರರು ಅದನ್ನು ಕೇಳಿ ಬಂದರು.

ಹೆಸರಿನ ವಿಷಯ ಬಂತಲ್ಲ, ಅದೊಂದನ್ನು ಹೇಳಿಬಿಡುತ್ತೇನೆ. ಹೊಸದುರ್ಗ ಅಂದರೆ ಬೆಂಗಳೂರಿನವರು ಚಿತ್ರದುರ್ಗದ್ದು ಅಂದುಕೊಳ್ಳುತ್ತಾರೆ. ನಮ್ಮ ಕಾಞಂಗಾಡಿನ ಹೊಸದುರ್ಗ ಅವರಿಗೆ ನೆನಪಾಗುವುದಿಲ್ಲ. ಮಲಯಾಳದವರಿಗೆ ಕುಂಬಳೆ ಕುಂಬಳ, ಮಂಜೇಶ್ವರ ಮಂಜೇಶ್ವರಂ. ನಮ್ಮ ಊರಂತೂ ಪೈವಳಿಗೆ. ಹೋದ ತಿಂಗಳು ಲೋಕಲ್ ವಾರ್ತೆಗೆ ಹೊಸ ಹುಡುಗಿ ಬಂದಳು. ಕಣ್ಣೂರಿನ ಕಡೆಯವಳಿರಬೇಕು, ಕನ್ನಡವನ್ನು ಮಲಯಾಳದಲ್ಲಿ ಬರೆದುಕೊಂಡು ಓದುತ್ತಾಳೆ ಅಂತ ಕಾಣುತ್ತದೆ. ಅವಳೂ ಪೈವಳಿಗೆ ಅಂದಳು. ಅಮ್ಮ ಎರಡು ದಿನ ಸುಮ್ನೆ ಕೇಳಿದರು. ಮೂರನೆಯ ದಿನ ಪರದೆಯ ಕೆಳಗೆ ಬಂದ ನಂಬರಿಗೆ ಅವರೇ ಫೋನ್ ಮಾಡಿದರು. ತುಳು ಬೆರೆಸಿದ ಮಲಯಾಳದಲ್ಲಿ, "ಮಗಳೇ, ಅದು ಪೈವಳಿಕೆ. ಕೆ. ಕೆ ಅಂತ ಓದು" ಅಂತ ಹೇಳಿದರು. ಆ ಕಡೆ ಫೋನ್ ಎತ್ತಿದ್ದು ಅವಳೇ.

ಮರುದಿನ ರಾತ್ರಿ ಪಂಚಾಯತಿನ ಕುಡಿಯುವ ನೀರಿನ ಸುದ್ದಿ ಇತ್ತು. ಹುಡುಗಿ ಓದುವಾಗ ಆ ಹೆಸರಿನ ಹತ್ತಿರ ಒಂದು ಕ್ಷಣ ತಡೆದಳು. ಆಮೇಲೆ ಪೈವಳಿಕೆ ಅಂದಳು. ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. "ಇನಿ ಸರಿ ಪಂಡಲ್" ಅಂದರು. ಇವತ್ತು ಸರಿಯಾಗಿ ಹೇಳಿದಳು.