ಕಷ್ಟ ಅಂದರೆ ಬರೀ ವೇಗವಲ್ಲ

ಡ್ರಮ್ ಕೋರ್ (ಮೈದಾನದಲ್ಲಿ ನಡೆಯುತ್ತಾ ಹಿತ್ತಾಳೆ ವಾದ್ಯ, ಡ್ರಮ್ ನುಡಿಸುವ ತಂಡ) ಸ್ಪರ್ಧೆಯಲ್ಲಿ ಹೊಸತನಕ್ಕಿಂತ ಕಷ್ಟಕ್ಕೇ ಜಾಸ್ತಿ ಅಂಕ ಸಿಗಬೇಕಲ್ವಾ ಅಂತ ಕೇಳಿದ್ದೀರಿ. ನನಗೆ ಅವೆರಡನ್ನೂ ಬೇರೆ ಮಾಡಲು ಆಗುವುದಿಲ್ಲ. 1993ರ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಮೆರಿಕದ ಡ್ರಮ್ ಕೋರ್ ಸ್ಪರ್ಧೆ) ಫೈನಲ್ ನೋಡಿ. ಸ್ಟಾರ್ ಆಫ್ ಇಂಡಿಯಾನಾ ತಂಡ ಬಾರ್ಟೋಕ್, ಬಾರ್ಬರ್ ಎಂಬ ಇಪ್ಪತ್ತನೇ ಶತಮಾನದ ಪಾಶ್ಚಾತ್ಯ ಸಂಗೀತ ರಚನಕಾರರ ಸಂಗೀತ ಎತ್ತಿಕೊಂಡಿತು. ಜನ ಎದ್ದು ಕೂಗುವಂಥ ರಾಗಗಳಲ್ಲ ಅವು. ಓಡಾಡುತ್ತಲೇ ಮೆಲ್ಲಗೆ, ಎಲ್ಲರೂ ಒಂದಾಗಿ ಊದಬೇಕು. ಒಬ್ಬರು ತಪ್ಪಿದರೂ ಕೇಳಿಬಿಡುತ್ತದೆ. ಜೋರಾಗಿ, ವೇಗವಾಗಿ ನುಡಿಸುವಾಗ ಎಷ್ಟೋ ತಪ್ಪು ಮುಚ್ಚಿಹೋಗುತ್ತವೆ. ಹಾಗಾಗಿ ಆ ಹೊಸತನವೇ ದೊಡ್ಡ ಕಷ್ಟ! ಕೊನೆಗೆ ಗೆದ್ದ ಕ್ಯಾಡೆಟ್ಸ್ ತಂಡಕ್ಕೆ 97.4 ಅಂಕ, ಸ್ಟಾರ್‌ಗೆ 97.3. ಆ ಒಂದು ದಶಾಂಶ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಸ್ಟಾರ್ ಆಮೇಲೆ ಸ್ಪರ್ಧೆಯನ್ನೇ ಬಿಟ್ಟು ರಂಗಭೂಮಿಯ ಕಡೆ ಹೋಯಿತು. ಎರಡೂ ಶೋಗಳನ್ನು ಒಟ್ಟಿಗೆ ನೋಡಿ, ಮೊದಲು ಕಣ್ಣು ಮುಚ್ಚಿ ಕೇಳಿ.