ಲೈಸೆನ್ಸ್ ಆಮೇಲೆ, ಮೊದಲು ಜೊತೆಗೊಬ್ಬರು

ದಾವಣಗೆರೆಯಿಂದ ಒಬ್ಬ ಓದುಗರು ಬರೆದಿದ್ದಾರೆ. ಹೊಸದುರ್ಗ ತಾಲ್ಲೂಕಿನ ತಮ್ಮೂರಿನ ಶಾಲೆಗೆ ಹಿಂದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಾಗಿದ್ದವರು. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ಮಗಳ ಮನೆಗೆಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಹೋಗಿದ್ದೆ. ಅಲ್ಲಿ ಶಿಕ್ಷಕರಿಗೆ ಮೂರು ಹಂತದ ಲೈಸೆನ್ಸ್ ಇದೆ. ಮೊದಲ ಹಂತದಲ್ಲಿ ಸೇರಿದವರು ಐದು ವರ್ಷದೊಳಗೆ ಎರಡನೇ ಹಂತಕ್ಕೆ ಏರಲೇಬೇಕು. ಇಲ್ಲದಿದ್ದರೆ ಕೆಲಸ ಇಲ್ಲ. ನಮ್ಮಲ್ಲಿ ಒಂದು ಸಲ ನೌಕರಿ ಸಿಕ್ಕರೆ ಅರವತ್ತರವರೆಗೆ ಕೇಳೋರಿಲ್ಲ. ಸುಪ್ರೀಂ ಕೋರ್ಟ್ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿ ಅಂದರೆ ಸಂಘದವರು ಗಲಾಟೆ ಮಾಡುತ್ತಾರೆ. ಡಾಕ್ಟರಿಗೆ ಲೈಸೆನ್ಸ್ ಇದೆ, ಲಾರಿ ಡ್ರೈವರಿಗೂ ಇದೆ. ಮೇಷ್ಟ್ರಿಗೆ ಯಾಕೆ ಬೇಡ? ನಿಮ್ಮ ಪತ್ರಿಕೆ ಇದಕ್ಕೆ ದನಿಗೂಡಿಸಬೇಕು."

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ಮಗಳ ಮನೆಗೆ ಹೋದವರು ಮಾಲ್ ನೋಡಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ನೀವು ಅಲ್ಲಿನ ಶಾಲೆಯ ವಿಚಾರ ಕೇಳಿಕೊಂಡು ಬಂದಿದ್ದೀರಿ. ಎಸ್‌ಡಿಎಂಸಿಯಲ್ಲಿ ಕೆಲಸ ಮಾಡಿದವರ ಕಣ್ಣು ಎಲ್ಲಿ ಹೋದರೂ ಶಾಲೆಯ ಕಡೆಗೇ ತಿರುಗುತ್ತದೆ.

ಆದರೆ ದನಿಗೂಡಿಸುವುದು ನನ್ನಿಂದ ಆಗುವುದಿಲ್ಲ. ಈಗಂತೂ ಇಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ವಿಷಯ ನನಗೆ ಬಹಳ ಹತ್ತಿರದ್ದು.

ಮೊದಲು ನಿಮ್ಮ ಮಾತಿನಲ್ಲಿರುವ ನಿಜ. ಹಂತಗಳಿಂದ ಲಾಭ ಇಲ್ಲ ಅನ್ನಲಾರೆ. ನಮ್ಮಲ್ಲಿ ಒಬ್ಬ ಶಿಕ್ಷಕಿ ಎಷ್ಟೇ ಚೆನ್ನಾಗಿ ಕಲಿಸಲಿ, ಹತ್ತು ವರ್ಷಕ್ಕೆ ಕಾಲಮಿತಿ ಬಡ್ತಿ, ಹದಿನೈದಕ್ಕೆ ಇನ್ನೊಂದು, ಆಮೇಲೆ ಇಪ್ಪತ್ತಕ್ಕೆ, ಇಪ್ಪತ್ತೈದಕ್ಕೆ ಒಂದೊಂದು ಹೆಚ್ಚುವರಿ ಇನ್‌ಕ್ರಿಮೆಂಟ್. ಚೆನ್ನಾಗಿ ಕಲಿಸದವರಿಗೂ ಅದೇ. ನಿಜವಾದ ಬಡ್ತಿ ಬೇಕಂದರೆ ಮುಖ್ಯಶಿಕ್ಷಕಿ ಆಗಬೇಕು, ಅಂದರೆ ಪಾಠ ಬಿಟ್ಟು ಫೈಲು ಹಿಡಿಯಬೇಕು. ತರಗತಿಯಲ್ಲೇ ಉಳಿದು ಮೇಲೆ ಏರುವ ದಾರಿ ಇದ್ದರೆ ಒಳ್ಳೆಯದೇ. ಇದನ್ನು ಒಪ್ಪಿದೆ. ಮುಂದಕ್ಕೆ ಹೋಗೋಣ.

ನ್ಯೂ ಮೆಕ್ಸಿಕೊ ಪದ್ಧತಿಯ ಅರ್ಧ ಕಥೆಯನ್ನು ಮಾತ್ರ ನೀವು ತಂದಿದ್ದೀರಿ. ಅದು 2003ರಲ್ಲಿ ಬಂದ ಕಾನೂನು. ಲೈಸೆನ್ಸಿನ ಪ್ರತಿ ಹಂತಕ್ಕೂ ಕನಿಷ್ಠ ಸಂಬಳ ಗೊತ್ತುಮಾಡಿದರು. ವರ್ಷಕ್ಕೆ 30 ಸಾವಿರ, 40 ಸಾವಿರ, 50 ಸಾವಿರ ಡಾಲರ್. 2022ರಲ್ಲಿ ಅದನ್ನು 50, 60, 70 ಸಾವಿರಕ್ಕೆ ಏರಿಸಿದರು. ಹಂತ ಏರಿದರೆ ಹಣವೂ ಏರುತ್ತದೆ ಅಂತ ಮೊದಲೇ ಮಾತು ಕೊಟ್ಟಿದ್ದರು. ಜೊತೆಗೆ, ಮೊದಲ ಹಂತದ ಶಿಕ್ಷಕರಿಗೆ ಒಬ್ಬ ಅನುಭವಿ ಮಾರ್ಗದರ್ಶಿ ಇರಲೇಬೇಕು ಅಂತ ಕಾನೂನೇ ಹೇಳಿತು. ನಿಮ್ಮ ಪತ್ರದಲ್ಲಿ ಸಂಬಳವೂ ಇಲ್ಲ, ಮಾರ್ಗದರ್ಶಿಯೂ ಇಲ್ಲ. ಮನೆಗೆ ಕಳಿಸುವುದು ಮಾತ್ರ ಇದೆ! ಇನ್ನೊಂದು ಸಂಗತಿ. ಅದೇ ರಾಜ್ಯದ ಶಾಸನಸಭೆಯ ಹಣಕಾಸು ಸಮಿತಿ ಕೆಲವು ವರ್ಷಗಳ ಮೇಲೆ ಈ ಪದ್ಧತಿಯನ್ನು ಪರಿಶೀಲಿಸಿತು. ಮೇಲಿನ ಹಂತದವರ ಮಕ್ಕಳಿಗೂ ಕೆಳಗಿನ ಹಂತದವರ ಮಕ್ಕಳಿಗೂ ಕಲಿಕೆಯಲ್ಲಿ ಕಂಡ ವ್ಯತ್ಯಾಸ ಚಿಕ್ಕದು. ಲೈಸೆನ್ಸಿನ ಹಂತ ನೋಡಿ ಪಾಠ ಹೇಗಿದೆ ಅಂತ ಹೇಳುವುದು ಅಷ್ಟು ಸುಲಭವಲ್ಲ.

ಇನ್ನು ಡಾಕ್ಟರ್ ಮಾತು. ಈ ಮಾತನ್ನು ನನಗೆ ತುಂಬಾ ಜನ ಹೇಳುತ್ತಾರೆ. ಎರಡೆರಡು ಮೆಡಿಕಲ್ ಕಾಲೇಜು ಇರುವ ದಾವಣಗೆರೆಯಲ್ಲಿ ಕೂತು ನೀವೂ ಹೀಗೆ ಬರೆದಿರಲ್ಲ ಅಂತ ಆಶ್ಚರ್ಯವಾಯಿತು. ಎಂಬಿಬಿಎಸ್ ಪರೀಕ್ಷೆ ಪಾಸಾದವರು ನೇರ ಡಾಕ್ಟರ್ ಆಗುತ್ತಾರಾ? ಒಂದು ವರ್ಷ ಹೌಸ್ ಸರ್ಜನ್ ಆಗಿ ಹಿರಿಯರ ಕೈಕೆಳಗೆ ವಾರ್ಡಿನಿಂದ ವಾರ್ಡಿಗೆ ತಿರುಗಬೇಕು. ಆಮೇಲಷ್ಟೇ ಶಾಶ್ವತ ನೋಂದಣಿ. ಅಂದರೆ ಡಾಕ್ಟರಿಗೂ ಮೊದಲು ಜೊತೆಗೊಬ್ಬರು, ಆಮೇಲೆ ಲೈಸೆನ್ಸ್. ನಾನು ಕೇಳುತ್ತಿರುವುದೂ ಅದನ್ನೇ ಅಲ್ವಾ?

ಬಿ.ಇಡಿಯಲ್ಲೇ ಇಂಟರ್ನ್‌ಶಿಪ್ ಇದೆಯಲ್ಲ ಅನ್ನಬಹುದು. ಇದೆ. 2015ರಿಂದ ಬಿ.ಇಡಿ ಎರಡು ವರ್ಷ ಆಯಿತು, ಅದರಲ್ಲಿ 20 ವಾರ ಶಾಲೆಯಲ್ಲಿ. ಆದರೆ ಆ ವಾರಗಳಲ್ಲಿ ಏನಾಗುತ್ತದೆ ಅಂತ ಯಾವುದಾದರೂ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತು ನೋಡಿ. ವಿದ್ಯಾರ್ಥಿ ಶಿಕ್ಷಕರು ಬಂದರು ಅಂದರೆ ಖಾಲಿ ಪೀರಿಯಡ್ಡುಗಳಿಗೆ ಆಳು ಸಿಕ್ಕಿತು ಅಂತ ಅರ್ಥ. ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಸಂಜೆ ಹತ್ತು ನಿಮಿಷ ಮಾತಾಡುವವರು ಯಾರೂ ಇಲ್ಲ. ಪಾಠಯೋಜನೆಯ ಪುಸ್ತಕಕ್ಕೆ ಸಹಿ ಬೀಳುತ್ತದೆ, ಅಷ್ಟೇ.

ನನ್ನ ಮನಸ್ಸಿನಲ್ಲಿ ಕೂತಿರುವ ಒಂದು ಪ್ರಸಂಗ ಹೇಳುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿ. ಹಾವೇರಿ ಕಡೆಯ ಹುಡುಗಿ ಅಲ್ಲಿಗೆ ಶಿಕ್ಷಕಿಯಾಗಿ ಬಂದಳು. ಟಿಇಟಿ, ನೇಮಕಾತಿಯ ಸಿಇಟಿ ಎರಡರಲ್ಲೂ ಒಳ್ಳೆಯ ಅಂಕ. ನಿಮ್ಮ ಲೈಸೆನ್ಸ್ ಪರೀಕ್ಷೆ ಇದ್ದಿದ್ದರೆ ಅದನ್ನೂ ಪಾಸಾಗುತ್ತಿದ್ದಳು. ಒಂದನೇ ತರಗತಿಯ ಮಕ್ಕಳು ಅವಳ ಮುಖವನ್ನೇ ನೋಡುತ್ತಾ ಕೂತರು. ಮನೆಯಲ್ಲಿ ಅವರ ಮಾತು ತೆಲುಗು. ಇವಳಿಗೆ ತೆಲುಗಿನ ಒಂದಕ್ಷರ ಬರುವುದಿಲ್ಲ. ಮಕ್ಕಳು ಮಂಕು ಅಂದುಕೊಂಡಳು, ಆಮೇಲೆ ತಾನೇ ದಡ್ಡಿ ಅಂದುಕೊಂಡಳು. ರಾತ್ರಿ ಅತ್ತಳಂತೆ. ಪಕ್ಕದ ಊರಿನ ಶಾಲೆಯ ಒಬ್ಬ ಹಿರಿಯ ಮೇಷ್ಟ್ರಿಗೆ ಇದು ಹೇಗೋ ಗೊತ್ತಾಯಿತು. ಯಾರೂ ಅವರಿಗೆ ಆದೇಶ ಕೊಟ್ಟಿರಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬೈಕಿನಲ್ಲಿ ಬಂದರು. ಅವರು ಹೇಳಿದ್ದು ಇಷ್ಟೇ: ಮೊದಲ ತಿಂಗಳು ನೀನು ಕಲಿಸಬೇಡ, ಕಲಿ. ಅಡುಗೆಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೋ. ಮಕ್ಕಳಿಂದ ಅವರ ಮನೆಯ ಸಾಮಾನಿನ ಹೆಸರು ಕೇಳು, ಅವರ ಮಾತಲ್ಲೇ. ಗೋಡೆಗೆ ಚಿತ್ರ ಅಂಟಿಸು. ಆಮೇಲೆ ಅದೇ ಚಿತ್ರಕ್ಕೆ ಕನ್ನಡದ ಹೆಸರು ಹೇಳಿಕೊಡು. ದೀಪಾವಳಿ ಹೊತ್ತಿಗೆ ಆ ಮಕ್ಕಳು ಮೇಡಂ ಮುಂದೆ ಎರಡೂ ಭಾಷೆ ಕಲೆಸಿ ಜಗಳ ಆಡುತ್ತಿದ್ದವು.

ಇದು ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆ ಹೇಳಿ? ಆ ಮೇಷ್ಟ್ರು ಬರದೇ ಇದ್ದಿದ್ದರೆ ಅವಳು ವರ್ಗಾವಣೆ ಕೌನ್ಸೆಲಿಂಗಿಗೆ ದಿನ ಎಣಿಸುತ್ತಾ ಕೂರುತ್ತಿದ್ದಳು. ಅಂಥವರು ನಮ್ಮ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಎಷ್ಟೋ ಜನ ಇದ್ದಾರೆ. ಅವರು ಸೋಮಾರಿಗಳಲ್ಲ. ಒಂಟಿಯಾಗಿಬಿಟ್ಟಿದ್ದಾರೆ.

ಚಿಕ್ಕ ತರಗತಿಗಳ ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ತರಗತಿಯನ್ನು ನೀವು ನೋಡಿದ್ದೀರಿ. ಹೊಸ ಮೈಲಿಗಲ್ಲು ಹತ್ತುವ ಮಗು ಮೊದಲು ಶಿಕ್ಷಕರ ಬೆಂಬಲಿತ ಗುಂಪಿನಲ್ಲಿ ಕೂರುತ್ತದೆ. ಆಮೇಲೆ ಭಾಗಶಃ ಬೆಂಬಲ, ಆಮೇಲೆ ಸಹಪಾಠಿಗಳ ಜೊತೆ, ಕೊನೆಗೆ ಸ್ವಕಲಿಕೆ. ಆರು ವರ್ಷದ ಮಗುವಿಗೆ ಇಷ್ಟು ಕಾಳಜಿಯಿಂದ ಏಣಿ ಕಟ್ಟಿದ ನಾವು, ಅದೇ ಕೋಣೆಗೆ ಬರುವ ಹೊಸ ಮೇಡಂ ಅನ್ನು ಮೊದಲ ದಿನವೇ ನೇರ ಸ್ವಕಲಿಕೆಯ ಗುಂಪಿಗೆ ತಳ್ಳುತ್ತೇವೆ. ಆ ನಲಿಕಲಿಯಾದರೂ ಹುಟ್ಟಿದ್ದು ಹೇಗೆ? 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಮೇಷ್ಟ್ರುಗಳು ಕಲಿಸುವುದನ್ನು ಪಕ್ಕದಲ್ಲಿ ಕೂತು ನೋಡಿ ಬಂದರು. ತಾವೇ ಕಾರ್ಡು ಬರೆದರು. ಮೇಷ್ಟ್ರು ಮೇಷ್ಟ್ರಿಂದ ಕಲಿತದ್ದಕ್ಕೆ ಇಡೀ ರಾಜ್ಯ ಇವತ್ತಿಗೂ ಋಣಿ.

ಹೊರಗಿನ ಉದಾಹರಣೆಯೇ ಬೇಕಂದರೆ ಸ್ಕಾಟ್ಲೆಂಡ್ ನೋಡಿ. ಅಲ್ಲಿಯೂ ಲೈಸೆನ್ಸ್ ಇದೆ, ಅದನ್ನು ಕೊಡಲು 1965ರಲ್ಲೇ ಶಿಕ್ಷಕರ ಮಂಡಳಿ ಆಯಿತು. ಆದರೂ ಹೊಸಬರು ಇವತ್ತು ಈ ಶಾಲೆ, ನಾಳೆ ಆ ಶಾಲೆ ಅಂತ ಅಲೆಯುತ್ತಾ ಪ್ರೊಬೇಷನ್ ಮುಗಿಸುತ್ತಿದ್ದರು. 2002ರಲ್ಲಿ ಪದ್ಧತಿ ಬದಲಿಸಿದರು. ಡಿಗ್ರಿ ಮುಗಿಸಿದ ಪ್ರತಿಯೊಬ್ಬರಿಗೂ ಒಂದು ವರ್ಷ ಒಂದೇ ಶಾಲೆಯಲ್ಲಿ ಕೆಲಸ ಖಾತ್ರಿ. ಆಗ ಅವರಿಗೆ ಕೊಟ್ಟ ಪಾಠದ ಹೊರೆ ಶೇ 70 ಮಾತ್ರ. ಉಳಿದ ಸಮಯ ಬೇರೆಯವರ ತರಗತಿ ನೋಡಲು, ಓದಲು, ಮಾರ್ಗದರ್ಶಿಯ ಜೊತೆ ಮಾತಾಡಲು. ಮಾರ್ಗದರ್ಶಿಗೂ ಅದಕ್ಕೆಂದೇ ಸಮಯ ಬಿಟ್ಟರು. ಪೂರ್ಣ ನೋಂದಣಿ ಆ ವರ್ಷ ಮುಗಿದ ಮೇಲೆ. ಜಪಾನ್ 1989ರಿಂದ ಹೊಸ ಶಿಕ್ಷಕರಿಗೆ ಒಂದು ವರ್ಷದ ತರಬೇತಿಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದೆ. ಅಮೆರಿಕದಲ್ಲಿ ಹೊಸ ಶಿಕ್ಷಕರು ಕೆಲಸ ಬಿಟ್ಟು ಹೋಗುವುದರ ಬಗ್ಗೆಯೇ ಅಧ್ಯಯನ ಮಾಡಿರುವ ರಿಚರ್ಡ್ ಇಂಗರ್ಸಾಲ್ ಕಂಡದ್ದೂ ಇದನ್ನೇ. ಅದೇ ವಿಷಯ ಕಲಿಸುವ ಮಾರ್ಗದರ್ಶಿ ಮತ್ತು ಸಹೋದ್ಯೋಗಿಗಳ ಜೊತೆ ಕೂತು ಪಾಠ ಯೋಚಿಸುವ ಸಮಯ ಸಿಕ್ಕವರು ಬಿಟ್ಟು ಹೋಗುವುದು ಕಡಿಮೆ.

ನಮ್ಮಲ್ಲಿ ಕಾಗದಕ್ಕೆ ಬರ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹಂತಗಳ ಮಾನದಂಡವನ್ನೂ ಹೇಳಿತು, ಮಾರ್ಗದರ್ಶನದ ರಾಷ್ಟ್ರೀಯ ಮಿಷನ್ ಅನ್ನೂ ಹೇಳಿತು. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಎರಡಕ್ಕೂ ದಾಖಲೆ ತಂದಿತು. 2022ರಲ್ಲಿ ಮಾರ್ಗದರ್ಶನದ ಪ್ರಯೋಗ ಶುರುವಾದದ್ದು 30 ಶಾಲೆಗಳಲ್ಲಿ. ಎಲ್ಲ ಕೇಂದ್ರದ ಕಡೆಯವೇ, ಕೇಂದ್ರೀಯ ವಿದ್ಯಾಲಯ, ನವೋದಯ, ಸಿಬಿಎಸ್ಇ. ಅಲ್ಲಿ ಶಾಲೆಗೊಬ್ಬ ಮೇಷ್ಟ್ರು ಅನ್ನುವ ಪರಿಸ್ಥಿತಿ ಇಲ್ಲವೇ ಇಲ್ಲ. ಎಲ್ಲಿ ಕಷ್ಟ ಜಾಸ್ತಿಯೋ ಅಲ್ಲಿ ಪ್ರಯೋಗ ಮಾಡಬೇಕಿತ್ತು. ಈಚೆಗೆ ನೀತಿ ಕೇಂದ್ರದ್ದೋ ರಾಜ್ಯದ್ದೋ ಅನ್ನುವ ಜಗಳದಲ್ಲಿ ಹೊಸ ಶಿಕ್ಷಕರ ಮಾತೇ ಎಲ್ಲೂ ಕೇಳುತ್ತಿಲ್ಲ.

ಮಾರ್ಗದರ್ಶನಕ್ಕೆಂದೇ ನಾವು ಕಟ್ಟಿಕೊಂಡ ವ್ಯವಸ್ಥೆಯನ್ನು ನಾವೇ ಹಾಳು ಮಾಡಿದೆವು. ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ಡಯಟ್ ಇದೆ, ಅಂದರೆ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆ. ತಾಲ್ಲೂಕಿಗೆ ಬಿಆರ್‌ಸಿ ಅನ್ನುವ ಸಂಪನ್ಮೂಲ ಕೇಂದ್ರ, ಅಕ್ಕಪಕ್ಕದ ಶಾಲೆಗಳ ಕ್ಲಸ್ಟರಿಗೆ ಸಿಆರ್‌ಪಿ. ಸಿಆರ್‌ಪಿ ಅಂದರೆ ಶಾಲೆಗೆ ಹೋಗಿ ತರಗತಿಯಲ್ಲಿ ಕೂತು ಮೇಷ್ಟ್ರಿಗೆ ನೆರವಾಗಬೇಕಾದವರು. ಇವತ್ತು ಅವರ ಫೋನ್ ನೋಡಿ. ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರದ ಎಂಟ್ರಿ ಆಯ್ತಾ, ಮೊಟ್ಟೆ ಲೆಕ್ಕ ಬಂತಾ, ಶೂ ಅಳತೆ ಕಳಿಸಿದಿರಾ. ದಿನಪೂರ್ತಿ ಅದೇ. ತಿಂಗಳ ಸಮಾಲೋಚನಾ ಸಭೆಯಲ್ಲಿ ಒಂದು ಕಾಲಕ್ಕೆ ಮಾದರಿ ಪಾಠ ನಡೆಯುತ್ತಿತ್ತು. ಈಗ ಸುಮ್ನೆ ಸುತ್ತೋಲೆ ಓದಿ ಮುಗಿಸುತ್ತಾರೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರು ಯಾರು? ಅದಕ್ಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಸಮೀಕ್ಷೆ ಬೇಡ ಅನ್ನುತ್ತಿಲ್ಲ. ಆ ದಿನಗಳನ್ನು ಮಕ್ಕಳಿಗೆ ಯಾರು ವಾಪಸ್ ಕೊಡುತ್ತಾರೆ ಅಂತ ಕೇಳುತ್ತಿದ್ದೇನೆ.

ಎರಡು ವರ್ಷದ ಪ್ರೊಬೇಷನ್ ನಮ್ಮಲ್ಲಿಯೂ ಇದೆ. ಅದನ್ನು ಘೋಷಿಸಲು ಏನು ಕೇಳುತ್ತಾರೆ ಗೊತ್ತಾ? ಅಂಕಪಟ್ಟಿಗಳ ನೈಜತೆ, ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ವರದಿ. ಈ ಎರಡು ವರ್ಷದಲ್ಲಿ ಇವರ ಪಾಠವನ್ನು ಯಾರಾದರೂ ಕೂತು ನೋಡಿದ್ದಾರಾ ಅನ್ನುವ ಪ್ರಶ್ನೆ ಆ ಫೈಲಿನಲ್ಲಿ ಇಲ್ಲ. ಹೊಸ ಕಾನೂನು ಬೇಕಿಲ್ಲ, ಈ ಎರಡು ವರ್ಷವನ್ನೇ ಸರಿಯಾಗಿ ಬಳಸಿದರೆ ಸಾಕು. ಹತ್ತಿರದ ಶಾಲೆಯ ಒಬ್ಬ ಒಳ್ಳೆಯ ಶಿಕ್ಷಕರನ್ನು ಗೊತ್ತುಮಾಡಿ. ತಿಂಗಳಿಗೆ ಎರಡು ದಿನ ಅವರು ಇಲ್ಲಿಗೆ ಬರಲಿ, ಒಂದು ದಿನ ಹೊಸಬರು ಅಲ್ಲಿಗೆ ಹೋಗಲಿ. ಪ್ರಯಾಣದ ಖರ್ಚು ಕೊಡಿ, ಗೌರವಧನ ಕೊಡಿ. ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿರಬೇಕು: ಅಲ್ಲಿ ಕಂಡದ್ದು ಬಿಇಒ ಟೇಬಲ್ಲಿಗೆ ವರದಿಯಾಗಿ ಹೋಗಬಾರದು. ವರದಿ ಬರೆಯುವವರ ಮುಂದೆ 'ನನಗೆ ಭಾಗಾಕಾರ ಹೇಳಿಕೊಡಲು ಬರುತ್ತಿಲ್ಲ' ಅಂತ ಯಾರೂ ಬಾಯಿ ಬಿಡುವುದಿಲ್ಲ.

ಸುಪ್ರೀಂ ಕೋರ್ಟ್ ವಿಚಾರ. 2025ರ ಸೆಪ್ಟೆಂಬರ್ 1ರ ತೀರ್ಪಿನಂತೆ, ಇನ್ನೂ ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ತೀರ್ಪಿಗೆ ಗೌರವ ಕೊಡೋಣ. ಆದರೆ ಇಪ್ಪತ್ತು ವರ್ಷ ಕಲಿಸಿದ ಮೇಡಂ ರಾತ್ರಿ ಹತ್ತಕ್ಕೆ ಮೊಬೈಲಿನಲ್ಲಿ ಮಾದರಿ ಪ್ರಶ್ನೆ ಬಿಡಿಸುತ್ತಾ ಕೂತಿದ್ದಾರೆ ಅಂತ ಕೇಳಿದಾಗ ನನಗೆ ಸಂಕಟವಾಗುತ್ತದೆ. ಆ ಇಪ್ಪತ್ತು ವರ್ಷದಲ್ಲಿ ಅವರು ಕಲಿತದ್ದನ್ನು ಹೊಸಬರಿಗೆ ದಾಟಿಸಲು ಅವರನ್ನು ಯಾರೂ ಒಂದು ಸಲವೂ ಕರೆದಿಲ್ಲ.

ಕೊನೆಗೆ, ನಿಮ್ಮ ಪತ್ರದಲ್ಲಿ ಅತಿಥಿ ಶಿಕ್ಷಕರ ಹೆಸರೇ ಇಲ್ಲ. ಇದು ನನಗೆ ಬೇಸರ ತಂದಿತು. ನಮ್ಮ ಹಿಂದುಳಿದ ತಾಲ್ಲೂಕುಗಳ ಎಷ್ಟೋ ಶಾಲೆಗಳಲ್ಲಿ ಹೊಸ ಶಿಕ್ಷಕರು ಅಂದರೆ ಅವರೇ. ಮಳೆಗಾಲಕ್ಕೆ ಬಂದು ಬೇಸಿಗೆಗೆ ಹೋಗುವವರು. ಸಂಬಳ ತಿಂಗಳುಗಟ್ಟಲೆ ತಡ. ಮುಂದಿನ ವರ್ಷ ಇದೇ ಶಾಲೆ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಅವರನ್ನು ಯಾವ ಹಂತದಲ್ಲಿ ಇಡುತ್ತೀರಿ? ಮೂರು ಹಂತದ ಏಣಿಯಲ್ಲಿ ಅವರ ಕಾಲು ನೆಲಕ್ಕೂ ತಾಗಿಲ್ಲ. ಮಾರ್ಗದರ್ಶನ ಶುರು ಮಾಡುವುದಾದರೆ ಮೊದಲು ಅವರಿಂದಲೇ ಶುರುವಾಗಲಿ.

ನಿಮ್ಮೂರಿನ ಶಾಲೆಯಲ್ಲಿ ಈ ವರ್ಷ ಅತಿಥಿ ಶಿಕ್ಷಕರು ಎಷ್ಟು ಜನ ಇದ್ದಾರೆ, ಅವರ ತರಗತಿಗೆ ಜೂನ್‌ನಿಂದ ಈಚೆಗೆ ಯಾರಾದರೂ ಬಂದು ಕೂತಿದ್ದಾರಾ ಅಂತ ವಿಚಾರಿಸಿ ಬರೆಯಿರಿ. ಹಳೆಯ ಅಧ್ಯಕ್ಷರು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಆ ಪತ್ರವನ್ನು ಪೂರ್ತಿ ಅಚ್ಚು ಹಾಕುತ್ತೇನೆ, ಒಂದು ಪ್ರತಿಯನ್ನು ಚಿತ್ರದುರ್ಗದ ಡಯಟ್‌ಗೂ ಕಳಿಸುತ್ತೇನೆ.